ಲಾಂಗ್ ಜಂಪ್‌ಗೆ ಮುಂಚೆ ಸ್ಟ್ರೆಚಿಂಗ್ ಮಾಡಿದ್ರೆ ದೂರ ಕಮ್ಮಿ ಆಗುತ್ತಾ?

ಖಾಕಿಕನಸು:
ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ಮಾಡ್ತಿದೀನಿ. ಲಾಂಗ್ ಜಂಪ್ 3.80 ಮೀಟರ್ ದಾಟಬೇಕು, ಮೂರೇ ಚಾನ್ಸು. ಊರ ಮೈದಾನದಲ್ಲಿ ನಾಲ್ಕು ರೌಂಡ್ ಓಡಿ ಹಾರಿದ್ರೆ 3.90, 3.95 ಬರುತ್ತೆ. ಈಗ ಸೇರಿರೋ ಕೋಚಿಂಗ್‌ನಲ್ಲಿ ಮೊದಲು ಕೂರಿಸಿ, ಕಾಲಿನ ಹೆಬ್ಬೆರಳು ಹಿಡಿಸಿ, ಒಂದೊಂದು ಕಾಲಿಗೆ ಎರಡೆರಡು ನಿಮಿಷ ಬಗ್ಗಿಸ್ತಾರೆ. ಎದ್ದು ಹಾರಿದ್ರೆ 3.75. ಗಾಳಿ ಕಮ್ಮಿ ಆಗಿರೋ ಚೆಂಡಿನ ಥರ, ಕಾಲು ಚಿಮ್ಮೋದೇ ಇಲ್ಲ. ನನ್ನ ಭ್ರಮೆನಾ?

ಪೀಟಿಮೇಷ್ಟ್ರು:
ಭ್ರಮೆ ಅಲ್ಲ ಕಣಪ್ಪ. ಇಪ್ಪತ್ತು ವರ್ಷ ನಾನೂ ಮಕ್ಕಳನ್ನ ಹಾಗೇ ಬಗ್ಗಿಸಿದವನು. ಒಂದು ಸಲ ಅನುಮಾನ ಬಂದು, ವಾಲಿಬಾಲ್ ಹುಡುಗೀರ ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆ ಪಕ್ಕ ಹಾರಿಸಿದೆ. ಆಮೇಲೆ ಮೀನಖಂಡ, ತೊಡೆ ಎರಡನ್ನೂ ಒಂದೂವರೆ ನಿಮಿಷ ಎಳೆದು ಹಿಡಿಸಿ ಮತ್ತೆ ಹಾರಿಸಿದೆ. ಎರಡನೇ ಗುರುತು ಒಂದೆರಡು ಬೆರಳು ಕೆಳಗೇ ಬಿತ್ತು. ಒಬ್ಬಳದ್ದು ಮಾತ್ರ ಅಷ್ಟೇ ಎತ್ತರ. ಕೇಳಿದ್ರೆ, ಅವಳು ಎಳೆದ ಹಾಗೆ ನಾಟಕ ಆಡಿದ್ಲಂತೆ! (ಗೋಡೆ ಹಾಳಾಯ್ತು ಅಂತ ಹೆಡ್‌ಮೇಷ್ಟ್ರ ಹತ್ರ ಬೈಸ್ಕೊಂಡಿದ್ದು ಬೇರೆ ಕತೆ.)

ಆಮೇಲೆ ಓದಿ ನೋಡಿದೆ. ಅಲುಗಾಡದೆ ಎಳೆದು ಹಿಡಿಯೋ ಸ್ಟ್ರೆಚಿಂಗ್ ಮಾಡಿದ ಕೂಡಲೇ ಸಾಮರ್ಥ್ಯ ಸರಾಸರಿ 3.7% ಇಳಿಯುತ್ತೆ, ಕಾಲು ಬೀಸೋ ಥರದ್ದು ಮಾಡಿದ್ರೆ 1.3% ಏರುತ್ತೆ ಅಂತ ಹತ್ತಾರು ಪ್ರಯೋಗಗಳನ್ನ ಒಟ್ಟು ಹಾಕಿದ 2016ರ ವಿಮರ್ಶೆ ಹೇಳುತ್ತೆ. ಮುಖ್ಯವಾದದ್ದು ಎಷ್ಟು ಹೊತ್ತು ಅನ್ನೋದು. ಅರ್ಧ ನಿಮಿಷದ ಒಳಗಿದ್ರೆ ಹೆಚ್ಚು ಕಮ್ಮಿ ಏನೂ ಆಗಲ್ಲ. ಒಂದು ನಿಮಿಷ ದಾಟಿದ್ರೆ ಪೆಟ್ಟು. 2000ದಲ್ಲಿ ಒಂದು ಪ್ರಯೋಗದಲ್ಲಿ ಮೀನಖಂಡವನ್ನ ಅರ್ಧ ಗಂಟೆ ಎಳೆದಿಟ್ಟಿದ್ರು: ಶಕ್ತಿ 28% ಬಿತ್ತು, ಒಂದು ಗಂಟೆ ಬಿಟ್ಟು ನೋಡಿದ್ರೂ 9% ಕಮ್ಮಿ! ಎಳೆದ ಮೇಲೆ ನರದಿಂದ ಸ್ನಾಯುವಿಗೆ ಹೋಗೋ ಹುರುಪು ತಗ್ಗುತ್ತೆ, ಜೊತೆಗೆ ಬಿಗಿಯೂ ಸಡಿಲ ಆಗುತ್ತೆ. ನಿನಗೆ ಚಿಮ್ಮೋಕೆ ಬೇಕಾಗಿರೋದು ಆ ಬಿಗಿಯೇ.

ಹಳೇಕಬಡ್ಡಿ:
ಮೇಷ್ಟ್ರೇ, ಎಳೀದೆ ಹಾರಿ ತೊಡೆ ಹಿಂದೆ ಹಿಡ್ಕೊಂಡ್ರೆ? ನನಗೆ ಹಾಗೇ ಆಗಿ ಎರಡು ತಿಂಗಳು ಕುಂಟಿದೀನಿ.

ಪೀಟಿಮೇಷ್ಟ್ರು:
ಮೈ ಬಿಸಿ ಮಾಡ್ಕೊಂಡಿದ್ರಾ ಅವತ್ತು? ಅದನ್ನ ಬಿಡಿ ಅಂತ ನಾನು ಹೇಳಿಲ್ಲ. ಆಸ್ಟ್ರೇಲಿಯಾದಲ್ಲಿ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಜನರ ಮೇಲೆ ನೋಡಿದ್ರು. ಎಲ್ಲರಿಗೂ ವಾರ್ಮಪ್, ಅರ್ಧ ಜನಕ್ಕೆ ಮಾತ್ರ ಸ್ಟ್ರೆಚಿಂಗ್. ಕಾಲಿನ ಗಾಯದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ.

ಖಾಕಿ, ನಿನಗೆ ನಿಜವಾದ ತೊಂದರೆ ಪರೀಕ್ಷೆ ದಿನ ಬರೋದು. ಬೆಳಗ್ಗೆ ಮೈ ಬಿಸಿ ಮಾಡಿ, ಸಾಲಲ್ಲಿ ಎರಡು ಗಂಟೆ ಕೂತ್ರೆ ಎಲ್ಲಾ ತಣ್ಣಗೆ. ನಿನ್ನ ಮುಂದೆ ಹತ್ತು ಜನ ಇರುವಾಗ್ಲೇ ಎದ್ದು ನಿಂತಲ್ಲೇ ಜಾಗಿಂಗ್, ಕಾಲು ಹಿಂದೆ ಮುಂದೆ ಬೀಸೋದು, ಮಂಡಿ ಎತ್ತೋದು, ಕೊನೆಗೆ ಮೂರ್ನಾಲ್ಕು ಸಣ್ಣ ಜಿಗಿತ. ಬಗ್ಗೋ ಅಭ್ಯಾಸ ಬೇಕಿದ್ರೆ ಸಂಜೆ, ಎಲ್ಲಾ ಮುಗಿದ ಮೇಲೆ ಇಟ್ಕೊ.

ಖಾಕಿಕನಸು:
ಕೋಚ್ ಎದುರು ಹೇಳೋಕೆ ಧೈರ್ಯ ಬರಲಿಲ್ಲ ಸರ್. ಇವತ್ತು ಹಿಂದಿನ ಸಾಲಲ್ಲಿ ಕೂತು, ಹೆಬ್ಬೆರಳು ಹಿಡಿದು ಇಪ್ಪತ್ತು ಎಣಿಸಿ ಬಿಟ್ಟೆ. ಆಮೇಲೆ ನೀರು ಕುಡಿಯೋ ನೆಪದಲ್ಲಿ ಟ್ಯಾಂಕ್ ತನಕ ಎರಡು ಸಲ ಓಡಿ ಬಂದೆ. 3.92.