ಇಂಡಿಗೊ ಮರೀನಾ ತಗೊಂಡು ಕೊಡಗಿನ ರಸ್ತೆಗೆ ತಕ್ಕ ಹಾಗೆ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಸುಂಟಿಕೊಪ್ಪದವನು:

ಅಣ್ಣಂದಿರಿಗೆ ನಮಸ್ಕಾರ. ಕುಶಾಲನಗರದಲ್ಲಿ ಒಂದು ಟಾಟಾ ಇಂಡಿಗೊ ಮರೀನಾ ಮಾರಾಟಕ್ಕಿದೆ. 2006ರ ಡೀಸೆಲ್, ಕೆಎ-12 ನಂಬರ್, ಒಬ್ಬರೇ ಓನರ್. ರಿಟೈರ್ಡ್ ಮೇಷ್ಟ್ರು, ಗಾಡಿಯನ್ನು ಶೆಡ್ಡಿನಲ್ಲೇ ಇಟ್ಟಿದ್ದಾರೆ. ಸ್ಟಾರ್ಟ್ ಮಾಡಿ ನೋಡಿದೆ, ಎಂಜಿನ್ ಸದ್ದು ಚೆನ್ನಾಗಿದೆ. ಹಿಂದಿನ ಡಿಕ್ಕಿ ಬಾಗಿಲು ಮಾತ್ರ ಎತ್ತಿದರೆ ನಿಲ್ಲುವುದಿಲ್ಲ. ಬಿದಿರು ಕೋಲು ಕೊಟ್ಟು ನಿಲ್ಲಿಸಿ ತೋರಿಸಿದರು.

ಮರೀನಾ ಒಂದು ಸ್ಟೇಷನ್ ವ್ಯಾಗನ್, ಅಂದ್ರೆ ಡಿಕ್ಕಿಯ ಮೇಲೂ ಚಾವಣಿ ಇರುವ ಉದ್ದ ಕಾರು. ಅಂಥ ಗಾಡಿ ಅಂದ್ರೆ ನನಗೆ ಚಿಕ್ಕಂದಿನಿಂದ ಹುಚ್ಚು. ಸ್ಕೂಲ್ ಬಸ್ಸಿಗೆ ಕಾಯುವಾಗ ಮಾರುತಿಯ ವ್ಯಾಗನ್ ಬಲೆನೊ ಆಲ್ಟುರಾ ಒಂದು ಹೋದರೆ, ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದೆ. ಅಪ್ಪನಿಗೆ ಇಷ್ಟ ಇಲ್ಲ. "ಆಂಬ್ಯುಲೆನ್ಸ್ ಥರ ಇದೆ, ಅದೇ ದುಡ್ಡಿಗೆ ಹಳೇ ಜೀಪ್ ಬರುತ್ತದೆ" ಅನ್ನುತ್ತಾರೆ. ಸ್ವಲ್ಪ ತೋಟ ಇದೆ, ರೋಬಸ್ಟಾ ಕಾಫಿ ಮತ್ತು ಮೆಣಸು. ಗೊಬ್ಬರ ತರಬೇಕು, ಅಜ್ಜಿಯನ್ನು ಮಡಿಕೇರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು, ಆಗಾಗ ಮಂಗಳೂರಿಗೂ ಹೋಗಬೇಕು.

ಎರಡು ಇಂಚು ಎತ್ತರ ಮಾಡಿಸಿ, ದೊಡ್ಡ ಅಲಾಯ್ ಚಕ್ರ ಹಾಕಿಸಿ, ಮೇಲೆ ಕ್ಯಾರಿಯರ್ ಕೂರಿಸಬೇಕು ಅಂತ ಆಸೆ. ಸರಿ ಹೋಗುತ್ತದಾ? ಆರ್‌ಸಿ ತೊಂದರೆ ಏನಾದರೂ ಬರುತ್ತದಾ?

ಉದ್ದಗಾಡಿ_ನಾಪೋಕ್ಲು:

ತಮ್ಮಾ, ಗಾಡಿ ಬಿಡಬೇಡ. ಅಲಾಯ್ ಮಾತು ಆಮೇಲೆ. ಮೊದಲು ಒಂದು ಟಾರ್ಚ್, ಒಂದು ಸಣ್ಣ ಮ್ಯಾಗ್ನೆಟ್ ತಗೊಂಡು ಹೋಗಿ ತುಕ್ಕು ನೋಡು.

ನನ್ನದೂ ವ್ಯಾಗನ್ನೇ, ಟಾಟಾ ಎಸ್ಟೇಟ್, ಚಿಕ್ಕಪ್ಪನಿಂದ ಬಂದದ್ದು. ಆ ಮಾಡೆಲ್ ಹೊರಗೆ ಬಂದದ್ದು 1992ರಲ್ಲಿ. ಟಾಟಾಮೊಬೈಲ್ ಪಿಕಪ್ಪಿನ ಚಾಸಿಸ್ (ಕೆಳಗಿನ ಕಬ್ಬಿಣದ ಚೌಕಟ್ಟು) ಮೇಲೆ ಕಟ್ಟಿದ ಗಾಡಿ. 1948 ಸಿಸಿ ಡೀಸೆಲ್, ಹಿಂದೆ ಲೀಫ್ ಸ್ಪ್ರಿಂಗ್, ಹಿಂದಿನ ಚಕ್ರ ತಳ್ಳುತ್ತದೆ. ಮರೀನಾ ಬೇರೆ ಜಾತಿ. 2004ರಲ್ಲಿ ಇಂಡಿಗೊ ಸೆಡಾನಿನ ಹಿಂಭಾಗಕ್ಕೆ ಉದ್ದ ಚಾವಣಿ ಕೊಟ್ಟು ತಂದದ್ದು. ಮುಂದಿನ ಚಕ್ರ ಎಳೆಯುತ್ತದೆ, ಬೇರೆ ಚಾಸಿಸ್ ಇಲ್ಲ. ನನ್ನ ಗಾಡಿಯ ಬಾಡಿಗೆ ತುಕ್ಕು ಹಿಡಿದರೂ ಕೆಳಗೆ ಚಾಸಿಸ್ ಇದೆ ಅನ್ನೋ ಧೈರ್ಯ. ನಿನ್ನದರಲ್ಲಿ ಬಾಡಿಯೇ ಎಲ್ಲ ಭಾರ ಹೊರುವುದು. ಅದಕ್ಕೇ ತುಕ್ಕಿನ ವಿಷಯ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಲ್ಲಿ ನೋಡಬೇಕು? ಹಿಂದಿನ ಬಾಗಿಲು ಎತ್ತಿ ಅದರ ಕೆಳ ಅಂಚಿನ ಮಡಿಕೆಗೆ ಬೆರಳು ಹಾಕು. ನೀರು ಇಳಿದು ನಿಲ್ಲುವುದು ಅಲ್ಲಿ. ಒಳಗಿನಿಂದ ಪುಡಿ ಉದುರಿದರೆ ಹೊರಗೆ ಪೇಂಟ್ ಎಷ್ಟು ಹೊಳೆದರೂ ಲೆಕ್ಕಕ್ಕಿಲ್ಲ. ಆಮೇಲೆ ಹಿಂದಿನ ಕಾರ್ಪೆಟ್ ಪೂರ್ತಿ ಎತ್ತಿ ತಗಡು ನೋಡು. ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಬಾಡಿಗೆ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡು. ಅಲ್ಲಿ ತಗಡು ಬಿರುಕು ಬಿಟ್ಟಿದ್ದರೆ ಮಾತ್ರ ಗಾಡಿ ಬಿಟ್ಟು ಬಾ, ಬೇರೆ ಎಲ್ಲದಕ್ಕೂ ಮದ್ದಿದೆ. ಚಕ್ರದ ಕಮಾನಿನ ಮೇಲೆ ಮ್ಯಾಗ್ನೆಟ್ ಓಡಿಸು. ಅಂಟದ ಕಡೆ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ ಅಂತ ತಿಳಿ. ಬಾಗಿಲುಗಳ ಕೆಳಗೆ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಎಷ್ಟೋ ಗಾಡಿಯಲ್ಲಿ ಮಣ್ಣು ಕಟ್ಟಿ ಮುಚ್ಚಿಹೋಗಿರುತ್ತವೆ. ಒಂದು ಕಡ್ಡಿ ಹಾಕಿ ಬಿಡಿಸಿದರೆ ಸಾಕು.

ಇಲ್ಲಿನ ಮಳೆ ನಿನಗೆ ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಗಾಡಿಯ ತಳ ಒಣಗುವುದೇ ಇಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಕಂಡ ಮೇಲೆ ತಳ ತೊಳೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ತುಕ್ಕು ತಡೆಯಲು ತಳಕ್ಕೆ ಬಳಿಯುವ ಅಂಡರ್‌ಕೋಟಿಂಗ್ ಮಾಡಿಸು. ಒದ್ದೆ ಮಣ್ಣಿನ ಮೇಲೆ ಬಳಿದರೆ ತುಕ್ಕನ್ನು ಒಳಗೆ ಕೂಡಿಹಾಕಿದ ಹಾಗೆ.

ಈಗ ಅಪ್ಪನ ಮಾತಿಗೆ ಬರೋಣ. ಜೀಪಿನ ಮೇಲೆ ನನಗೂ ಗೌರವ ಇದೆ. ತೋಟದ ಒಳಗೆ, ಕೆಸರು ಏರಿನಲ್ಲಿ ಅದರ ಸಾಟಿ ಇಲ್ಲ. ಆದರೆ ಅಜ್ಜಿ ಹತ್ತುವುದು ಎಷ್ಟು ಕಷ್ಟ ನೋಡಿದ್ದೀಯಾ? ವ್ಯಾಗನ್ನಿನಲ್ಲಿ ಕುರ್ಚಿಯಲ್ಲಿ ಕೂತಂತೆ ಕೂರುತ್ತಾರೆ. ಮೂಟೆಯನ್ನು ಎದೆ ಎತ್ತರಕ್ಕೆ ಎತ್ತಬೇಕಾಗಿಲ್ಲ, ತೊಡೆ ಎತ್ತರಕ್ಕೆ ಎತ್ತಿ ಒಳಗೆ ಜಾರಿಸಿದರೆ ಆಯಿತು. ಮಾಕುಟ್ಟ ಘಾಟಿ ಇಳಿಯುವಾಗ ತಿರುವು ತಿರುವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಭಾರವೆಲ್ಲ ನೆಲಕ್ಕೆ ಹತ್ತಿರ ಇರುವುದರಿಂದ ಎತ್ತರದ ಗಾಡಿಯಷ್ಟು ವಾಲುವುದಿಲ್ಲ. ಪಿಕಪ್ಪಿನಷ್ಟು ಸಾಮಾನು ಹಾಕಿಕೊಂಡು ಕಾರಿನ ಹಾಗೆ ಓಡಿಸಬಹುದಾದ ಗಾಡಿ ಇನ್ಯಾವುದಿದೆ ಹೇಳು. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಹಾಗಿದ್ದ ಮೇಲೆ ಅದನ್ನು ಎರಡು ಇಂಚು ಎತ್ತಿಸುವುದು ಯಾಕೆ? ಮುಂದಿನ ಚಕ್ರ ಎಳೆಯುವ ಗಾಡಿಯನ್ನು ಅಷ್ಟು ಎತ್ತಿದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ತಿರುಗಬೇಕಾಗುತ್ತದೆ, ಜಾಯಿಂಟ್ ಬೇಗ ಸವೆಯುತ್ತದೆ. ತಿರುವಿನಲ್ಲಿ ಇರುವ ಹಿಡಿತವೂ ಹೋಗುತ್ತದೆ. ನಾಲ್ಕೂ ಕಡೆ ಹೊಸ ಶಾಕ್, ಹಿಂದೆ ಕುಗ್ಗದ ಸ್ಪ್ರಿಂಗ್ ಹಾಕಿಸು. ಹಳೇ ಗಾಡಿ ಅಷ್ಟಕ್ಕೇ ಮೇಲೆ ಬರುತ್ತದೆ. ದೊಡ್ಡ ರಿಮ್ಮೂ ಬೇಡ. ಟೈರಿನ ಗೋಡೆ ತೆಳ್ಳಗಾದಷ್ಟೂ ನಮ್ಮ ರಸ್ತೆಯ ಗುಂಡಿಗೆ ರಿಮ್ಮು ಬಲಿ. ಅದೇ ದುಡ್ಡಿಗೆ ಮಳೆಯಲ್ಲಿ ಹಿಡಿತ ಕೊಡುವ ಒಳ್ಳೆ ಟೈರ್ ತಗೋ.

ನಾನು ಮಾಡಿಸಿದ್ದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಹಿಂದಿನ ಮರದ ಹಾಸು. ನಮ್ಮ ತೋಟದಲ್ಲೇ ಬಿದ್ದ ಸಿಲ್ವರ್ ಓಕ್ ಕೊಯ್ಯಿಸಿ, ಒಂದು ಬೇಸಿಗೆ ಪೂರ್ತಿ ಅಟ್ಟದಲ್ಲಿ ಒಣಗಿಸಿ, ಆಚಾರಿಯಿಂದ ಮಾಡಿಸಿದೆ. ಉದ್ದಕ್ಕೆ ಹಲಗೆ, ನಡುವೆ ಬೆರಳು ಹೋಗುವಷ್ಟು ಸಂದು, ಕೆಳಗೆ ಅಡ್ಡಪಟ್ಟಿ. ಹಲಗೆ ಮೇಲೆ ಎರಡು ಅಲ್ಯೂಮಿನಿಯಂ ಪಟ್ಟಿ ಇದೆ, ಮೂಟೆ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಹಿಂದಿನ ಅಂಚಿನಲ್ಲಿ ತೆಳುವಾದ ಒಂದು ಡ್ರಾಯರ್. ಅದರಲ್ಲಿ ಜಾಕ್, ಹಗ್ಗ, ಕತ್ತಿ, ಜಿಗಣೆಗೆ ಉಪ್ಪಿನ ಡಬ್ಬಿ. ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಹಾಸು ಹೊರಗೆ ಬರುತ್ತದೆ, ಬಾಡಿಗೆ ಒಂದು ತೂತೂ ಕೊರೆದಿಲ್ಲ. ಕೊಯ್ಲಿನ ಸಮಯದಲ್ಲಿ ಹಣ್ಣಿನ ಚೀಲ ಹಾಕುವಾಗ ಅದರ ಮೇಲೆ ದಪ್ಪ ಟಾರ್ಪಾಲ್ ಹಾಸುತ್ತೇನೆ. ಕಾಫಿ ಹಣ್ಣಿನ ರಸ ಸೋರಿ ಹುಳಿ ಬಂದರೆ ತಗಡಿಗೆ ಒಳ್ಳೇದಲ್ಲ, ವಾಸನೆಯೂ ಹೋಗುವುದಿಲ್ಲ.

ಗೊಬ್ಬರ ತರುವಾಗ ಒಂದು ವಿಷಯ ನೆನಪಿರಲಿ. 50 ಕೆಜಿಯ ನಾಲ್ಕು ಮೂಟೆಯನ್ನು ಬಾಗಿಲ ಹತ್ತಿರ ಇಟ್ಟರೆ ಹಿಂಭಾಗ ಕೂರುತ್ತದೆ, ಮುಂದಿನ ಚಕ್ರ ಹಗುರ ಆಗುತ್ತದೆ. ನಿನ್ನ ಗಾಡಿಯನ್ನು ಎಳೆಯುವುದೇ ಮುಂದಿನ ಚಕ್ರ. ಒದ್ದೆ ಏರಿನಲ್ಲಿ ಸುಮ್ನೆ ತಿರುಗುತ್ತಾ ನಿಲ್ಲುತ್ತದೆ. ರಾತ್ರಿ ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಮೂಟೆಯನ್ನು ಯಾವಾಗಲೂ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡು, ಬೆಲ್ಟ್ ಹಾಕಿ ಬಿಗಿ.

ಸಂಪಾಜೆ_ಮೆಕ್ಯಾನಿಕ್:

ಮೇಲಿನವರು ಹೇಳಿದ್ದು ಸರಿ ಉಂಟು ಮಾರಾಯ್ರೆ. ನನ್ನದು ಎಂಜಿನ್ ಬಗ್ಗೆ ಎರಡು ಮಾತು. ಆ 1405 ಸಿಸಿ ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ ಇರುವುದು, ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ರಬ್ಬರ್ ಪಟ್ಟಿ. ಮೇಷ್ಟ್ರ ಹತ್ತಿರ ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲ ಅಂದರೆ ಮನೆಗೆ ತಂದ ವಾರವೇ ಹೊಸತು ಹಾಕಿಸಿ, ಅದನ್ನು ಬಿಗಿ ಇಡುವ ಟೆನ್ಷನರ್ ಸಮೇತ. ಬೆಲ್ಟ್ ಕಡಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಆಮೇಲೆ ಎಂಜಿನ್ ಬಿಚ್ಚುವ ಕೆಲಸ. ಶೆಡ್ಡಿನಲ್ಲಿ ನಿಂತ ಗಾಡಿಯ ಬೆಲ್ಟ್ ಕಿಲೋಮೀಟರ್ ಕಡಿಮೆ ಅಂತ ನಂಬಬೇಡಿ, ರಬ್ಬರ್ ವಯಸ್ಸಿಗೂ ಹಾಳಾಗುತ್ತದೆ.

ಇನ್ನೊಂದು, ನೀರಿನ ಹೋಸ್ ಮತ್ತು ರೇಡಿಯೇಟರ್. ಮಂಗಳೂರಿಂದ ವಾಪಸ್ ಬರುವಾಗ ಸಂಪಾಜೆ ದಾಟಿದ ಮೇಲೆ ಮಡಿಕೇರಿ ತನಕ ಏರು. ಟೆಂಪರೇಚರ್ ಮುಳ್ಳು ಮೇಲೆ ಹೋಗುವುದು ಅಲ್ಲೇ. ಸಾಮಾನಿಗೆ ತೊಂದರೆ ಇಲ್ಲ. ಇಂಡಿಗೊ ಸೆಡಾನ್ ಟ್ಯಾಕ್ಸಿಯಾಗಿ ತುಂಬಾ ಓಡಿದ ಗಾಡಿ, ಎಂಜಿನ್ ಭಾಗ, ಲೋವರ್ ಆರ್ಮ್, ಬ್ರೇಕ್ ಎಲ್ಲ ಸಿಗುತ್ತದೆ. ಕಷ್ಟ ಇರುವುದು ಮರೀನಾಕ್ಕೆ ಮಾತ್ರ ಇರುವ ಸಾಮಾನಿಗೆ. ಹಿಂದಿನ ಬಾಗಿಲು, ಅದರ ಗ್ಲಾಸು, ಬೀಡಿಂಗ್, ಹಿಂದಿನ ಲೈಟು. ಎಲ್ಲಾದರೂ ಗುಜರಿಯಲ್ಲಿ ಮರೀನಾ ಕಂಡರೆ ಅಷ್ಟನ್ನು ತೆಗೆದಿಟ್ಟುಕೊಳ್ಳಿ. ಮಂಜಿಗೆ ಹಳದಿ ಫಾಗ್ ಲ್ಯಾಂಪ್ ಹಾಕಿಸುವುದಾದರೆ ಬಂಪರಿನಲ್ಲಿ ಕೆಳಗೆ ಹಾಕಿಸಿ. ಮೇಲಿನ ಕ್ಯಾರಿಯರ್‌ಗೆ ಲೈಟು ಕಟ್ಟಿದರೆ ಮಂಜಿನಲ್ಲಿ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ.

ಆಲ್ಟುರಾ_ಬೆಂಗಳೂರು:

ಮೇಲೆ ಆಲ್ಟುರಾ ಹೆಸರು ನೋಡಿ ಬರೆಯದೇ ಇರಲು ಆಗಲಿಲ್ಲ. ನನ್ನ ಹತ್ತಿರ ಈಗಲೂ ಇದೆ, 1.6 ಪೆಟ್ರೋಲ್, ಓಡಿಸಿದಾಗಲೆಲ್ಲ ಖುಷಿ ಕೊಡುತ್ತದೆ. ವ್ಯಾಗನ್ ಅಂದ್ರೆ ಸಾಮಾನು ಗಾಡಿ ಅನ್ನುವವರಿಗೆ ನಾನು ಯಾವಾಗಲೂ ವೋಲ್ವೊ 850ರ ಕತೆ ಹೇಳುತ್ತೇನೆ. 1994ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ ಅವರು ಎಸ್ಟೇಟ್ ಗಾಡಿಯನ್ನೇ, ಅಂದ್ರೆ ವ್ಯಾಗನ್ನನ್ನೇ, ಇಳಿಸಿದರು. ಎಲ್ಲರೂ ಸೆಡಾನಿನಲ್ಲಿ, ಇವರು ಉದ್ದ ಗಾಡಿಯಲ್ಲಿ. ಮುಂದಿನ ವರ್ಷ ಸೆಡಾನಿಗೆ ಬದಲಾದರು ನಿಜ, ಆದರೆ ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಆ ಎಸ್ಟೇಟನ್ನೇ. ಅದೇ ಕಾಲಕ್ಕೆ ಆಡಿ ಕಂಪನಿ ಪೋರ್ಷೆ ಜೊತೆ ಸೇರಿ ಆರ್‌ಎಸ್2 ಅವಾಂಟ್ ತಂದಿತು. 315 ಹಾರ್ಸ್‌ಪವರ್, ಹಿಂದೆ ನಾಯಿ, ಸೂಟ್‌ಕೇಸ್ ಎಲ್ಲಕ್ಕೂ ಜಾಗ.

ನಮ್ಮ ಬೆಂಗಳೂರಿನ ಸಿಪಾನಿ ಕಂಪನಿ ಕೂಡ ತೊಂಬತ್ತರ ದಶಕದಲ್ಲಿ ರೋವರ್ ಮಾಂಟೆಗೊ ಜೋಡಿಸಿ ಮಾರಿತ್ತು, ಎಸ್ಟೇಟ್ ಸಮೇತ. ಒಂದು ಕಣ್ಣಾರೆ ನೋಡಬೇಕು ಅನ್ನೋ ಆಸೆ ನನಗಿನ್ನೂ ಇದೆ.

ಇನ್ನು ಆರ್‌ಸಿ. ಸ್ವಂತ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಇದು 2006ರದ್ದು, 2021ರಲ್ಲಿ ಆಗಿದ್ದರೆ 2026ಕ್ಕೆ ಮತ್ತೆ ಮಾಡಿಸಬೇಕು. ಆರ್‌ಸಿಯಲ್ಲಿ ಕೊನೇ ದಿನಾಂಕ ನೋಡದೆ ಅಡ್ವಾನ್ಸ್ ಕೊಡಬೇಡಿ. 2022ರ ಏಪ್ರಿಲ್‌ನಿಂದ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಅದರ ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. ಆ ದುಡ್ಡನ್ನು ಗಾಡಿಯ ರೇಟಿನಲ್ಲೇ ಕಳೆದು ಮಾತಾಡಿ. ಹತ್ತು ವರ್ಷದ ಡೀಸೆಲ್ ಓಡಿಸಬಾರದು ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ, ಆ ಮಾತು ಬಂದದ್ದು ದೆಹಲಿ ಕಡೆಗೆ.

ಮಾಡಿಫಿಕೇಶನ್‌ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಬಾಡಿ ಕೊಯ್ಯುವುದು, ಎತ್ತರ ಮಾಡುವುದು ಬೇಡವೇ ಬೇಡ. ಬಿಚ್ಚಿ ತೆಗೆಯಬಹುದಾದ ಮರದ ಹಾಸು ಇದೆಯಲ್ಲ, ಆ ಥರದ ಕೆಲಸ ನಿಜವಾಗಿ ಚೆಂದ.

ಸುಂಟಿಕೊಪ್ಪದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎತ್ತರ ಮಾಡಿಸುವ ಯೋಚನೆ ಬಿಟ್ಟೆ. ಮರದ ಹಾಸಿನ ವಿಷಯ ಓದಿ ಅಪ್ಪನೇ "ನಮ್ಮಲ್ಲೂ ಒಣಗಿದ ಹಲಗೆ ಇದೆ" ಅಂದರು! ನಾಪೋಕ್ಲು ಅಣ್ಣ, ಮೆಣಸು ಕೊಯ್ಯುವ ಏಣಿ ಒಳಗೆ ಹಿಡಿಯುವುದಿಲ್ಲ ಅಲ್ವಾ? ಹಿಂದಿನ ಬಾಗಿಲು ತೆರೆದಿಟ್ಟು, ಹಗ್ಗದಲ್ಲಿ ಕಟ್ಟಿ ಓಡಿಸಬಹುದಾ? ತೋಟ ಹತ್ತಿರವೇ ಇದೆ.

ಉದ್ದಗಾಡಿ_ನಾಪೋಕ್ಲು:

ಬೇಡ ತಮ್ಮಾ, ಹತ್ತಿರ ಇದ್ದರೂ ಬೇಡ. ಗಾಡಿ ಓಡುವಾಗ ಅದರ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಬಾಗಿಲು ತೆರೆದಿದ್ದರೆ ಸೈಲೆನ್ಸರಿನ ಹೊಗೆ ನೇರ ಒಳಗೆ ಬರುತ್ತದೆ. ಉದ್ದ ಗಾಡಿಗಳಲ್ಲೆಲ್ಲ ಇದು ಇದ್ದದ್ದೇ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿದ ಮೇಲೇ ಗೊತ್ತಾಗುವುದು. ಹಿಂದೆ ಮಕ್ಕಳು ಕೂತಿದ್ದರಂತೂ ಯೋಚನೆಯನ್ನೇ ಮಾಡಬೇಡ.

ಕ್ಯಾರಿಯರ್ ಬೇಕಾಗುವುದು ಇದಕ್ಕೇ. ಎರಡು ಅಡ್ಡ ಕಂಬಿ ಸಾಕು, ದೊಡ್ಡ ಬುಟ್ಟಿ ಬೇಡ. ಏಣಿ, ಸ್ಪ್ರಿಂಕ್ಲರ್ ಪೈಪ್ ಅಂಥ ಹಗುರ ಸಾಮಾನು ಮಾತ್ರ ಮೇಲೆ, ಮೂಟೆ ಯಾವತ್ತೂ ಒಳಗೆ. ಏಣಿಯ ಎರಡೂ ತುದಿಯನ್ನು ಬಂಪರ್ ಕಡೆಗೆ ಎಳೆದು ಕಟ್ಟು, ಹಿಂದೆ ಕೆಂಪು ಬಟ್ಟೆ ಹಾಕು. ಕೆಲಸ ಮುಗಿದ ಮೇಲೆ ಕಂಬಿ ಬಿಚ್ಚಿಡು, ಗಾಳಿಯ ಸದ್ದು ಕಡಿಮೆ, ಡೀಸೆಲ್ಲೂ ಉಳಿಯುತ್ತದೆ. ಗಾಡಿ ನೋಡಲು ಹೋಗುವ ದಿನ ಇಲ್ಲಿ ಬರೆ. ಆ ಕಡೆ ಬರುವ ಕೆಲಸ ಇದ್ದರೆ ನಾನೂ ಬಂದು ತಳ ನೋಡಿ ಹೇಳುತ್ತೇನೆ.