ಮಗಳಿಗೆ ರಿಟೈರ್ ಆದ ರೇಸ್ ಕುದುರೆ ತಗೊಳ್ಳಬಹುದಾ? ಪುಣೆಯಲ್ಲಿ ಬೋರ್ಡಿಂಗ್ ಬಗ್ಗೆ ಗೊತ್ತಿದ್ದವರು ಹೇಳಿ

ಬಾಣೇರ್ ವಿದ್ಯಾ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡ ಕಡೆಯವರು, ಈಗ ಪುಣೆಯ ಬಾಣೇರಿನಲ್ಲಿದ್ದೇವೆ. ಮಗಳು ಎಂಟನೇ ಕ್ಲಾಸು. ಮುಳಶಿ ರಸ್ತೆ ಕಡೆ ಒಂದು ಲಾಯದಲ್ಲಿ ಶನಿವಾರ ಭಾನುವಾರ ಸವಾರಿ ಕಲಿಯುತ್ತಾಳೆ. ಟ್ರಾಟ್ (ಕುಲುಕಿನ ಓಟ), ಕ್ಯಾಂಟರ್ (ಅದಕ್ಕಿಂತ ಜೋರು ಓಟ) ಚೆನ್ನಾಗಿ ಬರುತ್ತೆ, ಈಗ ಸಣ್ಣ ಜಂಪ್ ಮಾಡಿಸುತ್ತಿದ್ದಾರೆ. ಸ್ಕೂಲಿಗೆ ಎಬ್ಬಿಸಬೇಕಾದರೆ ಹತ್ತು ಸಲ ಕರೆಯಬೇಕು, ಲಾಯಕ್ಕೆ ಹೋಗುವ ದಿನ ನಮ್ಮನ್ನೇ ಎಬ್ಬಿಸುತ್ತಾಳೆ.

ವಿಷಯ ಏನೆಂದರೆ ಲಾಯದವರು ಈಗ ಒಂದು ಮಾತು ಎತ್ತಿದ್ದಾರೆ. ರೇಸಿನಿಂದ ರಿಟೈರ್ ಆದ ಆರು ವರ್ಷದ ಥರೋಬ್ರೆಡ್ (ರೇಸಿಗೆಂದೇ ಬೆಳೆಸೋ ತಳಿ) ಒಂದು ಬಂದಿದೆಯಂತೆ. ಕುದುರೆಗೆ ದುಡ್ಡು ಕೊಡೋದೇ ಬೇಡ, ತಿಂಗಳಿಗೆ 25 ಸಾವಿರ ಬೋರ್ಡಿಂಗ್ (ಲಾಯದಲ್ಲಿಟ್ಟು ಸಾಕೋ ಖರ್ಚು) ಕೊಡಿ, ಎಲ್ಲ ನಾವೇ ನೋಡ್ಕೋತೀವಿ ಅಂತಾರೆ. ಮಗಳು ಆಗಲೇ ಹೆಸರಿಟ್ಟಾಗಿದೆ. ನಮ್ಮ ಯಜಮಾನರು "ಅಷ್ಟು ಒಳ್ಳೇ ಕುದುರೆ ಸುಮ್ನೆ ಯಾಕೆ ಕೊಡ್ತಾರೆ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾದರು.

25 ಸಾವಿರದ ಮೇಲೆ ಇನ್ನೇನು ಖರ್ಚು ಬರುತ್ತೆ? ಲಾಯ ಚೆನ್ನಾಗಿದೆಯಾ ಇಲ್ಲವಾ ಅಂತ ನಮ್ಮಂಥವರು ಹೇಗೆ ತಿಳಿದುಕೊಳ್ಳೋದು? ಮಳೆಗಾಲದಲ್ಲಿ ಆ ಕಡೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ.

ಲಗಾಮು ಹಿಡಿದವ:

ವಿದ್ಯಾ ಅಕ್ಕ, ವಾಘೋಲಿ ಕಡೆ ನಂದೂ ಒಂದು ಕಾಠಿಯಾವಾಡಿ ಕುದುರೆ ಬೋರ್ಡಿಂಗ್‌ನಲ್ಲಿದೆ, ಅದಕ್ಕೆ ಹೇಳುತ್ತೇನೆ. ಆ "ಎಲ್ಲ" ಅನ್ನೋ ಪದವನ್ನು ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಬರೋದು ಇರೋಕೆ ಜಾಗ, ಮೇವು, ಸೈಸ್ (ಕುದುರೆ ನೋಡಿಕೊಳ್ಳೋ ಆಳು) ಇಷ್ಟೇ. ಲಾಳದ ಖರ್ಚು ಬೇರೆ. ಲಾಳ ಕಟ್ಟೋ ನಾಲ್‌ಬಂದ್ ನಾಲ್ಕರಿಂದ ಆರು ವಾರಕ್ಕೊಮ್ಮೆ ಬರಲೇಬೇಕು, ಗೊರಸು ಉಗುರಿನ ಥರ ಬೆಳೀತಾನೇ ಇರುತ್ತೆ. ಟೆಟನಸ್, ಇನ್‌ಫ್ಲುಯೆಂಜಾ ಲಸಿಕೆ, ಜಂತಿನ ಔಷಧಿ, ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚು ಅರದಿಂದ ಉಜ್ಜಿಸೋದು, ಡಾಕ್ಟರ್ ಬಂದು ಹೋಗೋ ಫೀಸು, ಎಲ್ಲ ನಿಮ್ಮ ತಲೆ ಮೇಲೆ. ಜೀನು ಅಂತೂ ಆ ಕುದುರೆಯ ಬೆನ್ನಿಗೇ ಸರಿಹೋಗಬೇಕು. ಲಾಯದ್ದು ಯಾವುದೋ ಒಂದು ಹಾಕಿ ಓಡಿಸಿದರೆ ಬೆನ್ನು ಹುಣ್ಣಾಗುತ್ತೆ, ಆಮೇಲೆ ಕುದುರೆ ಎಗರುತ್ತೆ, ಆಗ ಎಲ್ಲರೂ "ಕುದುರೆ ಪೊಗರು" ಅಂತಾರೆ.

ಇನ್ನು ಲಾಯ ನೋಡೋದು. ಶನಿವಾರ ಸಂಜೆ ಎಲ್ಲ ಲಾಯಗಳೂ ಚೆನ್ನಾಗೇ ಕಾಣುತ್ತವೆ. ನೀವು ಒಂದು ಮಂಗಳವಾರವೋ ಬುಧವಾರವೋ, ಹೇಳದೆ ಕೇಳದೆ, ಬೆಳಗಿನ ಜಾವ ಹೋಗಿ. ರಾತ್ರಿ ಹಾಕಿದ ಹುಲ್ಲು ಚೂರಾದರೂ ಉಳಿದಿದೆಯಾ ನೋಡಿ. 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಒಂಬತ್ತು ಕಿಲೋದಷ್ಟು ಒಣಮೇವು ಬೇಕು. ಹುಲ್ಲು ತುಟ್ಟಿ ಅಂತ ಬಹಳ ಕಡೆ ಅದನ್ನು ಕಡಿಮೆ ಮಾಡಿ ಎರಡು ಹೊತ್ತು ಬಕೆಟ್ ತುಂಬ ದಾಣಿ (ಓಟ್ಸ್‌ನಂಥ ಕಾಳಿನ ಮೇವು) ಸುರಿದುಬಿಡುತ್ತಾರೆ. ಕುದುರೆ ಮೈ ಹೊಳೀತಾ ಇರುತ್ತೆ, ಹೊಟ್ಟೆ ಮಾತ್ರ ಕೆಟ್ಟಿರುತ್ತೆ. ನೀರಿನ ತೊಟ್ಟಿಗೆ ಕೈ ಹಾಕಿ ನೋಡಿ, ಗೋಡೆಗೆ ಪಾಚಿ ಹಿಡಿದು ಜಾರುತ್ತಿದ್ದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಮಾಲೀಕರ ಜೊತೆ ಚಹಾ ಕುಡಿಯೋದು ಇದ್ದೇ ಇದೆ. ಸೈಸ್ ಜೊತೆ ಅರ್ಧ ಗಂಟೆ ನಿಲ್ಲಿ. ಒಬ್ಬನ ಕೈಯಲ್ಲಿ ಎಷ್ಟು ಕುದುರೆ ಅಂತ ಕೇಳಿ. ಮೂರು ನಾಲ್ಕಾದರೆ ಸರಿ, ಎಂಟು ಹತ್ತು ಅಂದರೆ ಅವನೂ ಮನುಷ್ಯನೇ ಅಲ್ವಾ, ಯಾವುದೋ ಒಂದರ ಗೊರಸು ಅವತ್ತು ಉಳಿದೇ ಹೋಗುತ್ತೆ. ಅವನು ಒಳಗೆ ಕಾಲಿಟ್ಟಾಗ ಕುದುರೆ ಮುಖ ತಿರುಗಿಸಿ ಹತ್ತಿರ ಬರುತ್ತಾ, ಇಲ್ಲ ಮೂಲೆಗೆ ಹೋಗಿ ಹಿಂಭಾಗ ತೋರಿಸುತ್ತಾ? ಅದನ್ನು ಯಾರೂ ನಿಮಗೋಸ್ಕರ ನಾಟಕ ಮಾಡಿಸೋಕೆ ಆಗಲ್ಲ.

ಬೀದರ್ ಡಾಕ್ಟ್ರು:

ನಾನು ಪಶುವೈದ್ಯ, ಈ ಭಾಗದಲ್ಲಿ ಕೆಲವು ಲಾಯಗಳಿಗೆ ಹೋಗುತ್ತೇನೆ. ನಿಮ್ಮ ಯಜಮಾನರ ಪ್ರಶ್ನೆ ಸರಿಯಾದ ಪ್ರಶ್ನೆ ಮೇಡಂ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅಂತ ಅನ್ನಿಸಿಕೊಂಡರೂ ಪರವಾಗಿಲ್ಲ, ನೀವು ಮೊಳ ಹಾಕಿ. ಲಾಯದವರ ಡಾಕ್ಟರ್ ಬೇಡ, ನಿಮ್ಮ ಖರ್ಚಿನಲ್ಲಿ ಬೇರೆಯವರನ್ನು ಕರೆಸಿ.

ಓಟ ನಿಧಾನವಾಯಿತು ಅಂತ ಬಿಟ್ಟ ಕುದುರೆಗಳೂ ಇರುತ್ತವೆ, ಅವು ಆರೋಗ್ಯವಾಗೇ ಇರುತ್ತವೆ. ಕಾಲು ಹೋಯಿತು ಅಂತ ಬಿಟ್ಟವೂ ಇರುತ್ತವೆ. ರೇಸ್ ಕುದುರೆಗಳು ಎರಡು ವರ್ಷದ ವಯಸ್ಸಿನಲ್ಲೇ ಓಡೋಕೆ ಶುರು ಮಾಡುತ್ತವೆ, ಮೂಳೆ ಇನ್ನೂ ಬಲಿತಿರಲ್ಲ. ಮುಂಗಾಲಿನ ಹಿಂಬದಿ, ಮಂಡಿಯಿಂದ ಕೆಳಗೆ ಕೈ ಆಡಿಸಿ. ಸ್ನಾಯುರಜ್ಜು ಎರಡೂ ಕಾಲಿನಲ್ಲಿ ಒಂದೇ ಸಮ, ನೇರವಾಗಿ, ತಣ್ಣಗಿರಬೇಕು. ಒಂದು ಕಾಲಿನಲ್ಲಿ ಬಿಲ್ಲಿನಂತೆ ಉಬ್ಬಿದ್ದರೆ ಹಳೇ ಪೆಟ್ಟು ಅಂತ ಅರ್ಥ. ಅಂಥ ಕುದುರೆ ನಡೆಯುತ್ತೆ, ಟ್ರಾಟ್ ಮಾಡುತ್ತೆ, ಆದರೆ ನಿಮ್ಮ ಮಗಳು ಮಾಡಬೇಕೆಂದಿರುವುದು ಜಂಪ್. ಕಾಲಿನ ಎಕ್ಸ್‌ರೇ, ಬೇಕಾದರೆ ಅಲ್ಟ್ರಾಸೌಂಡ್ ಮಾಡಿಸಿ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲ್ಲ. ಸವಾರಿ ಶಾಲೆಯ ಕುದುರೆ ಲಗಾಮು ಎಳೆದರೆ ನಿಧಾನ ಆಗುತ್ತೆ. ರೇಸಿನಲ್ಲಿ ಕಲಿತದ್ದು ಲಗಾಮು ಬಿಗಿಯಾದರೆ ಅದರ ಮೇಲೇ ಭಾರ ಹಾಕಿ ಇನ್ನೂ ಜೋರಾಗಿ ಹೋಗುತ್ತೆ. ಹೆದರಿದ ಮಗು ಮೊದಲು ಮಾಡೋದೇ ಲಗಾಮು ಬಿಗಿ ಹಿಡಿಯೋದು. ಇದನ್ನು ಮರೆಸಿ ಹೊಸದು ಕಲಿಸೋಕೆ ಅನುಭವ ಇರುವ ದೊಡ್ಡವರಿಗೆ ಆರೇಳು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಆ ಕೆಲಸ ಯಾರು ಮಾಡಿದ್ದಾರೆ, ಮಾಡಿದ್ದಾರಾ ಅಂತ ಕೇಳಿ.

ಕುದುರೆಯ ರಕ್ತ ಪರೀಕ್ಷೆಯ ಕಾಗದವನ್ನೂ ನೋಡಿ. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಹರಡುತ್ತೆ, ಅದಕ್ಕೆ ಲಸಿಕೆ ಇಲ್ಲ, ಕುದುರೆಗೆ ಬಂದದ್ದು ಖಾತ್ರಿಯಾದರೆ ಕಾನೂನಿನ ಪ್ರಕಾರ ಅದನ್ನು ಉಳಿಸೋ ಹಾಗೇ ಇಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ಮಾಡುತ್ತೆ. ಮಳೆಗಾಲದಲ್ಲೂ ಅದು ಮುಗಿದ ಮೇಲೂ ಸರ್ರಾ ಅನ್ನೋ ಜ್ವರದ ಕಾಟ ಇರುತ್ತೆ, ದೊಡ್ಡ ಕಚ್ಚುವ ನೊಣಗಳಿಂದ ಬರೋದು. ಜ್ವರ ಬರುತ್ತೆ ಹೋಗುತ್ತೆ, ಮೇವು ತಿಂದರೂ ಕುದುರೆ ಸೊರಗುತ್ತೆ, ಕಾಲು ಊದುತ್ತೆ. ದನದ ಕೊಟ್ಟಿಗೆ ಪಕ್ಕದಲ್ಲಿರೋ ಲಾಯಗಳಲ್ಲಿ ಹೆಚ್ಚು ಹುಷಾರಾಗಿರಬೇಕು.

ಹೊಟ್ಟೆನೋವಿನ ಬಗ್ಗೆ ಮಗಳಿಗೂ ಹೇಳಿಕೊಡಿ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ತಿಂದದ್ದು ಮುಂದಕ್ಕೇ ಹೋಗಬೇಕು. ಪಕ್ಕೆ ತಿರುಗಿ ತಿರುಗಿ ನೋಡಿಕೊಳ್ಳೋದು, ಮುಂಗಾಲಿನಿಂದ ನೆಲ ಕೆರೆಯೋದು, ಮಲಗಿ ಹೊರಳೋದು, ಲದ್ದಿ ಹಾಕದೇ ಇರೋದು ಕಂಡರೆ ಮೇವು ತೆಗೆದು ಡಾಕ್ಟರಿಗೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅನ್ನೋ ಮಾತೇ ಬೇಡ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಮೈ ಬಿಸಿ 38 ಡಿಗ್ರಿ ಆಸುಪಾಸು. ರಾತ್ರಿ ಲಾಯದಲ್ಲಿ ಇದನ್ನು ಎಣಿಸೋಕೆ ಬರೋರು ಯಾರಾದರೂ ಮಲಗಿರುತ್ತಾರಾ? ಮಾಲೀಕರನ್ನು ನಾನು ಮೊದಲು ಕೇಳೋ ಪ್ರಶ್ನೆ ಅದೇ.

ಮಾಟುಂಗಾ ಮಾವ:

ನಾನು ಹಳೇ ಕಾಲದವನು, ಹಳೇ ಮಾತೇ ಆಡುತ್ತೇನೆ, ಬೈಕೋಬೇಡಿ. ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸು 1883ರದ್ದು, ಅದರೊಳಗಿನ ಅಮೆಚೂರ್ ರೈಡರ್ಸ್ ಕ್ಲಬ್ 1942ರದ್ದು. ರೇಸ್ ಬಿಟ್ಟ ಕುದುರೆಗಳನ್ನು ಸವಾರಿಗೆ ತಯಾರು ಮಾಡೋ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಚಳಿಗಾಲ ಮುಂಬಯಿ ಸೀಸನ್, ಮಳೆ ಬಂತು ಅಂದರೆ ಕುದುರೆಗಳೆಲ್ಲ ಘಾಟ್ ಹತ್ತಿ ಪುಣೆಗೆ. ಪುಣೆ ಸೀಸನ್ ಮುಗಿಯೋ ಹೊತ್ತಿಗೆ ಟ್ರೇನರ್‌ಗಳು ಲೆಕ್ಕ ಹಾಕುತ್ತಾರೆ, ಯಾವುದು ಇನ್ನು ಗೆಲ್ಲಲ್ಲ, ಯಾವುದಕ್ಕೆ ದುಡ್ಡು ದಂಡ. ಹಾಗೆ ಹೊರಗೆ ಬಿದ್ದ ಕುದುರೆಗೆ ಜಾಗ ಬೇಕು, ಲಾಯದವರಿಗೆ ತಿಂಗಳಿಗೊಂದು ಗಟ್ಟಿ ಆದಾಯ ಬೇಕು. ಅಲ್ಲಿಗೆ ನಿಮ್ಮ ಮಗಳು ಬಂದಳು. ಯಾರನ್ನೂ ಕಳ್ಳರು ಅನ್ನುತ್ತಿಲ್ಲ, ವ್ಯವಹಾರ ಅದು.

ನನ್ನ ಚಿಂತೆ ಬೇರೆ. ಮಗು ಈಗ ಎಂಟನೇ ಕ್ಲಾಸು. ಹತ್ತನೇ ಕ್ಲಾಸಿಗೆ ಟ್ಯೂಷನ್, ಆಮೇಲೆ ಹನ್ನೊಂದು ಹನ್ನೆರಡು ಅಂತ ಅದೊಂದು ಗಾಣ, ಆಮೇಲೆ ಯಾವ ಊರಿನ ಕಾಲೇಜೋ. ಕುದುರೆ ಇಪ್ಪತ್ತೈದು ವರ್ಷ ಬದುಕುತ್ತಮ್ಮಾ. ಆರು ವರ್ಷದ್ದು ಅಂದರೆ ಇನ್ನೂ ಎಷ್ಟು ಬಾಕಿ ಲೆಕ್ಕ ಹಾಕಿ. ಓಡೋಕೆ ಆಗದ ವಯಸ್ಸಿನಲ್ಲಿ ಅದು ಎಲ್ಲಿ ಹೋಗುತ್ತೆ? ಮದುವೆ ಮೆರವಣಿಗೆಗೆ, ಟಾಂಗಾಕ್ಕೆ, ಇನ್ನೂ ಕೆಟ್ಟ ಕಡೆಗೆ ಹೋದವು ನಾನು ನೋಡಿದ್ದೇನೆ. ಅರ್ಧ ಲೀಸ್ ಅಂತ ಒಂದು ಇರುತ್ತೆ. ಲಾಯದ್ದೇ ಪಳಗಿದ ಕುದುರೆ, ವಾರದಲ್ಲಿ ಮೂರು ದಿನ ನಿಮ್ಮದು, ಖರ್ಚು ಅರ್ಧ. ಒಂದು ಮಳೆಗಾಲ ಪೂರ್ತಿ ಅದನ್ನು ಮಾಡಿ. ಜುಲೈ ತಿಂಗಳ ಕೆಸರಿನಲ್ಲಿ ಲದ್ದಿ ಎತ್ತಿ, ಗೊರಸು ಕೆರೆದು, ಸವಾರಿ ಇಲ್ಲದ ದಿನವೂ ಹೋಗೋಣ ಅಂತ ಅವಳೇ ಹಟ ಮಾಡಿದರೆ ಆಗ ಕುದುರೆ ನೋಡೋಣ.

ಸೊಲ್ಲಾಪುರದ ಹುಡುಗ:

ಮಾವ, ಅರ್ಧ ಲೀಸ್ ಮಾತಿಗೆ ನಾನೂ ಕೈ ಎತ್ತುತ್ತೇನೆ, ಆದರೆ ಥರೋಬ್ರೆಡ್ ಅಂದರೆ ತಲೆಕೆಟ್ಟದ್ದು ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಅಕ್ಕನ ಮಗ ಕಲಿತದ್ದೇ ಅಂಥ ಒಂದು ಹೆಣ್ಣು ಕುದುರೆ ಮೇಲೆ. ಮಗು ಹತ್ತುವಾಗ ಕಲ್ಲಿನ ಥರ ನಿಲ್ಲುತ್ತಿತ್ತು. ದಿನಾ ಹೊರಗೆ ಬಿಡುತ್ತಿದ್ದರು, ದಾಣಿ ಕಡಿಮೆ ಕೊಡುತ್ತಿದ್ದರು, ಅಷ್ಟೇ ಗುಟ್ಟು. ದಿನವಿಡೀ ನಾಲ್ಕು ಗೋಡೆ ಮಧ್ಯೆ ನಿಲ್ಲಿಸಿ ಓಟ್ಸ್ ತುಂಬಿದರೆ ಯಾವ ಜಾತಿಯದಾದರೂ ಹುಚ್ಚೇ ಹಿಡಿಯುತ್ತೆ. ಆ ಲಾಯದಲ್ಲಿ ಕುದುರೆ ಬಿಡೋಕೆ ಬೇಲಿ ಹಾಕಿದ ಬಯಲು ಇದೆಯಾ, ಮಳೆಗಾಲದಲ್ಲೂ ಬಿಡುತ್ತಾರಾ ಕೇಳಿ ಅಕ್ಕ.

ಅಂದ ಹಾಗೆ ಯಾರಾದರೂ "ಸಾರಂಗಖೇಡಾ ಜಾತ್ರೆಗೆ ಹೋಗಿ ಮಾರವಾಡಿ ಕುದುರೆ ತನ್ನಿ" ಅಂತ ಹೇಳೋ ಮುಂಚೆ: ದತ್ತ ಜಯಂತಿಗೆ ಆ ಜಾತ್ರೆ ನೋಡೋಕೆ ಖಂಡಿತ ಹೋಗಿ, ತಾಪಿ ದಂಡೆ ಮೇಲೆ ಅಷ್ಟು ಕುದುರೆ ಒಟ್ಟಿಗೆ ನೋಡೋದೇ ಒಂದು ಹಬ್ಬ. ಜೇಬಿನಲ್ಲಿ ದುಡ್ಡು ಮಾತ್ರ ಇಟ್ಟುಕೊಳ್ಳಬೇಡಿ.

ಬಾಣೇರ್ ವಿದ್ಯಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳದೆ ಹೋಗಿ ಬಂದೆವು. ಹುಲ್ಲು ಇತ್ತು, ನೀರು ಚೊಕ್ಕವಾಗಿತ್ತು, ಸೈಸ್ ಒಳ್ಳೆಯವನು, ಬಿಹಾರದ ಹುಡುಗ, ಅವನ ಹಿಂದೆ ಆ ಕುದುರೆ ಹಗ್ಗ ಇಲ್ಲದೇ ನಡೆದು ಬಂತು. ಕಾಗದ ಕೇಳಿದ್ದಕ್ಕೆ ಮಾಲೀಕರ ಮುಖ ಸಣ್ಣಗಾಯಿತು, ಕಾಲಿನ ಎಕ್ಸ್‌ರೇ "ಬೇಕಾದರೆ ತೆಗೆಸೋಣ" ಅಂದರು. ಜಂಪ್ ಮಾಡಿಸಿದ್ದೀರಾ ಅಂದರೆ "ನಿಮ್ಮ ಮಗಳೇ ಕಲಿಸ್ತಾಳೆ ಬಿಡಿ" ಅಂತಾರೆ! ಡಾಕ್ಟ್ರ ಮಾತು ನೆನಪಾಗಿ ಅಲ್ಲೇ ಬೇಡ ಅಂದುಬಿಟ್ಟೆವು. ಲಾಯದ ಹದಿನಾಲ್ಕು ವರ್ಷದ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಒಂದನ್ನು ಅರ್ಧ ಲೀಸ್ ಕೇಳಿದ್ದೇವೆ, ಒಪ್ಪಿದ್ದಾರೆ. ಮಗಳು ಎರಡು ದಿನ ಮಾತು ಬಿಟ್ಟಿದ್ದಳು, ಈಗ ಸರಿಹೋಗಿದ್ದಾಳೆ.

ಒಂದೇ ಅನುಮಾನ. ಆ ಗೆಲ್ಡಿಂಗ್ ಇರೋ ಕಡೆ ನೆಲಕ್ಕೆ ಭತ್ತದ ಹೊಟ್ಟು ಹಾಕಿದ್ದಾರೆ, ಪಕ್ಕದ್ದಕ್ಕೆ ಮರದ ಹೊಟ್ಟು. ಯಾವುದು ಒಳ್ಳೇದು? ಮೂಲೆಯಲ್ಲಿ ಕಣ್ಣು ಉರಿಯೋ ವಾಸನೆ ಇತ್ತು.

ಬೀದರ್ ಡಾಕ್ಟ್ರು:

ಒಳ್ಳೇ ನಿರ್ಧಾರ. ಮರದ ಹೊಟ್ಟೇ ವಾಸಿ, ಪುಡಿಗಿಂತ ಚಕ್ಕೆ ಥರ ಇರೋದು. ಭತ್ತದ ಹೊಟ್ಟಿನಲ್ಲಿ ಧೂಳು ಜಾಸ್ತಿ, ಹಸಿದ ಕುದುರೆ ಅದನ್ನೂ ತಿನ್ನುತ್ತೆ, ಹೊಟ್ಟೆ ಕಟ್ಟುತ್ತೆ. ಕಣ್ಣು ಉರಿಯೋ ವಾಸನೆ ಗಂಜಲದ ಅಮೋನಿಯ, ಅದು ಕುದುರೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಒಳಗೆ ನಿಂತು ಮೂಸಿದರೆ ಸಾಲದು, ಕುದುರೆ ಮಲಗಿದಾಗ ಮೂಗು ಎಲ್ಲಿರುತ್ತೋ ಅಷ್ಟು ಬಗ್ಗಿ ಮೂಸಿ. ಒದ್ದೆಯಾದ ಜಾಗ ದಿನಾ ತೆಗೆದು, ನೆಲ ಒಣಗಿಸಿ, ಸುಣ್ಣ ಎರಚಿ ಹೊಸ ಹೊಟ್ಟು ಹಾಕಿದರೆ ಹೋಗುತ್ತೆ. ನಾಲ್ಕೂ ಗೊರಸಿನ ಅಡಿಭಾಗವನ್ನೂ ನೋಡಿಸಿ, ಇಂಥ ನೆಲದಲ್ಲಿ ನಿಂತರೆ ಮಧ್ಯದ ಮೆತ್ತನೆ ಭಾಗ ಕಪ್ಪಾಗಿ ಕೊಳೆತು ನಾರುತ್ತೆ. ಇದ್ದರೆ ಫೋಟೋ ಹಾಕಿ, ಔಷಧಿ ಹೇಳುತ್ತೇನೆ.