ಬೇಯಾರ್ಡ್ ಸ್ಟ್ರೀಟ್ ಗಲಭೆಯ ಚಿತ್ರ: ಎಷ್ಟು ನಂಬಬಹುದು?

ಬಣ್ಣದಡಬ್ಬಿ:
ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಬಡ ಕೇರಿಯ ಪುಂಡರ ಗುಂಪುಗಳ ಕುರಿತ ಚಿತ್ರಕಥೆಗೆ (ಕಾಮಿಕ್ಸ್) ಆಕರ ಕೂಡಿಸುತ್ತಿದ್ದೇನೆ. ಸಿಕ್ಕಿರುವುದು ಮೂರು. ಮೊದಲನೆಯದು 1857ರ ಜುಲೈ 18ರ ‘ಫ್ರಾಂಕ್ ಲೆಸ್ಲೀಸ್ ಇಲ್ಲಸ್ಟ್ರೇಟೆಡ್ ನ್ಯೂಸ್‌ಪೇಪರ್’ನಲ್ಲಿ ಬಂದ ಬೇಯಾರ್ಡ್ ಸ್ಟ್ರೀಟ್ ಕಾಳಗ, ಪತ್ರಿಕೆಗಳು ‘ಡೆಡ್ ರ‍್ಯಾಬಿಟ್ಸ್’ (ಸತ್ತ ಮೊಲಗಳು) ಎಂದು ಕರೆದ ಫೈವ್ ಪಾಯಿಂಟ್ಸ್‌ನ ಐರಿಷ್ ಗುಂಪಿಗೂ ಬೌರಿ ಬೀದಿಯ ಹುಡುಗರ ಗುಂಪಿಗೂ ನಡೆದದ್ದು. ಎರಡನೆಯದು ಫೈವ್ ಪಾಯಿಂಟ್ಸ್ ಅಡ್ಡರಸ್ತೆಯ ‘1827’ ಎಂಬ ಚಿತ್ರ. ಮೂರನೆಯದು ಪತ್ರಕರ್ತ, ಫೋಟೊಗ್ರಾಫರ್ ಜೇಕಬ್ ರೀಸ್ ಅವರ ‘ಬ್ಯಾಂಡಿಟ್ಸ್ ರೂಸ್ಟ್’ ಫೋಟೊ. ಇವುಗಳಲ್ಲಿ ಉಡುಪು, ಆಯುಧ, ಬೀದಿ ಎಷ್ಟರಮಟ್ಟಿಗೆ ನಿಜ? ಲೆಸ್ಲಿ ಚಿತ್ರದ ಬಣ್ಣದ ಬಿಡಿ ಹಾಳೆಯೊಂದು ಮಾರಾಟಕ್ಕಿದೆ, ಕೊಳ್ಳಬಹುದೇ?

ಅಚ್ಚುಮೊಳೆ:
ಮೊದಲು ಲೆಸ್ಲಿ ಚಿತ್ರ. ಗಲಭೆ ನಡೆದದ್ದು ಜುಲೈ 4 ಮತ್ತು 5ರಂದು. ಇಂಥ ವಾರಪತ್ರಿಕೆಗಳು ಮುಖಪುಟದ ತಾರೀಖಿಗಿಂತ ಕೆಲವು ದಿನ ಮೊದಲೇ ಓದುಗರ ಕೈಸೇರುತ್ತಿದ್ದವು. ಹಾಗಾಗಿ ರೇಖಾಚಿತ್ರ, ಕೆತ್ತನೆ, ಅಚ್ಚು ಮೂರಕ್ಕೂ ಸಿಕ್ಕಿದ್ದು ಎರಡು ವಾರವೂ ಅಲ್ಲ.

ಆ ಅವಸರ ಚಿತ್ರದಲ್ಲೇ ಕಾಣುತ್ತದೆ. ಇಂಥ ಚಿತ್ರಗಳನ್ನು ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದರು. ಆ ಮರದ ಬೊಡ್ಡೆ ಸಣ್ಣದು, ಅಡ್ಡಕ್ಕೆ ಕೊಯ್ದರೆ ಕೆಲವೇ ಅಂಗುಲ ಅಗಲದ ಬಿಲ್ಲೆ ಸಿಗುತ್ತದೆ. ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ತುಂಡಿನ ಎತ್ತರ ಅಕ್ಷರದ ಅಚ್ಚುಮೊಳೆಯಷ್ಟೇ, ಸುಮಾರು 0.918 ಅಂಗುಲ. ಇಲ್ಲದಿದ್ದರೆ ಅಕ್ಷರದ ಜೊತೆ ಒಂದೇ ಒತ್ತಿಗೆ ಅಚ್ಚಾಗುವುದಿಲ್ಲ. ಮೇಲೆ ಬಿಳಿ ಬಳಿದು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬಿಡಿಸಿ, ಸೇರುವ ಜಾಗದ ಗೆರೆಗಳನ್ನು ಒಬ್ಬ ಹಿರಿಯ ಕೆತ್ತನೆಗಾರ ಮೊದಲೇ ಕೊರೆದು, ಆಮೇಲೆ ಬೋಲ್ಟ್ ಬಿಚ್ಚಿ ತುಂಡಿಗೊಬ್ಬರಂತೆ ಹಂಚುತ್ತಿದ್ದರು. ಫ್ರಾಂಕ್ ಲೆಸ್ಲಿ (ನಿಜ ಹೆಸರು ಹೆನ್ರಿ ಕಾರ್ಟರ್) ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಕೆತ್ತನೆ ವಿಭಾಗದಲ್ಲಿ ಪಳಗಿ ಅಮೆರಿಕಕ್ಕೆ ಬಂದ ಮನುಷ್ಯ.

ಆದ್ದರಿಂದ ಒಂದೇ ಚಿತ್ರದಲ್ಲಿ ನಾಲ್ಕಾರು ಕೈಗಳಿವೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಅಡ್ಡ ಉದ್ದ ನೇರವಾಗಿ ಹಾಯುವ ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೆ ಅದೇ ತುಂಡುಗಳ ಬೆಸುಗೆ, ಸಂದಿಗೆ ಮಸಿ ಹತ್ತಿಲ್ಲ. ಗೆರೆಯ ಆಚೆ ಈಚೆ ಆಕಾಶದ ನೆರಳುಗೆರೆಗಳ ಸಾಂದ್ರತೆ ಬದಲಾಗಿದ್ದರೆ ಕೈ ಬದಲಾಗಿದೆ. ಮುಖಗಳು, ಮುಂದಿನ ಸಾಲಿನ ಆಯುಧಗಳು ಪಳಗಿದ ಕೈಯವು. ಹಿಂದಿನ ಗುಂಪನ್ನು ಕಿರಿಯರು ತುಂಬಿಸಿರುತ್ತಾರೆ, ಅಲ್ಲಿನ ಟೊಪ್ಪಿ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಎಲ್ಲರೂ ಎಡಗೈಯಲ್ಲೇ ಕಲ್ಲೆಸೆಯುತ್ತಿದ್ದರೆ ಬಿಡಿಸಿದವನು ತಿರುವುಮುರುವು ಮರೆತಿದ್ದಾನೆ ಎಂದು ಅನುಮಾನಿಸಿ.

ಕಾಳಗ ಜೋರಾಗಿದ್ದಾಗ ಪ್ರೇಕ್ಷಕನಾಗಿ ಅಲ್ಲಿದ್ದ ನಮ್ಮ ಕಲಾವಿದನೇ ತೆಗೆದದ್ದು ಎಂದು ಅಡಿಬರಹ ಹೇಳುತ್ತದೆ. ಅದು ಪತ್ರಿಕೆ ಮಾರುವ ಮಾತೂ ಹೌದು. ನೋಟದ ಕೋನವನ್ನು ಮಾತ್ರ ಬಳಸಿಕೊಳ್ಳಬಹುದು: ‘ಡೆಡ್ ರ‍್ಯಾಬಿಟ್’ ಅಡ್ಡಗಟ್ಟೆಯ ಕಡೆಯಿಂದ ಎಂದಿದೆ. ಬೌರಿ ಕಡೆಯವರು ಬರುತ್ತಿದ್ದದ್ದು ಪೂರ್ವದಿಂದ. ಅಲ್ಲಿಗೆ ನಾವು ನೋಡುತ್ತಿರುವುದು ಪೂರ್ವಕ್ಕೆ. ನಿಮ್ಮ ನಕ್ಷೆಯನ್ನು ಹೀಗೆ ತಿರುಗಿಸಿ ಇಟ್ಟುಕೊಳ್ಳಿ.

ರಂಗಪರದೆ:
ಉಡುಪಿನ ವಿಷಯಕ್ಕೆ ನಾಟಕ ನೋಡಿ. ತಮಾಷೆಯಲ್ಲ. 1848ರಲ್ಲಿ ಫ್ರಾಂಕ್ ಚಾನ್‌ಫ್ರೌ ಎಂಬ ನಟ ‘ಮೋಸ್’ ಎಂಬ ಬೌರಿ ಹುಡುಗನ ಪಾತ್ರ ಮಾಡಿ ಊರೆಲ್ಲ ಹೆಸರಾದ. ಕೆಂಪು ಅಂಗಿ, ಎತ್ತರದ ರೇಷ್ಮೆ ಟೊಪ್ಪಿ, ಬೂಟಿನ ಮೇಲೆ ಮಡಚಿದ ಪ್ಯಾಂಟು, ಕಿವಿಯ ಮುಂದೆ ಸೋಪು ಹಚ್ಚಿ ಅಂಟಿಸಿದ ಕೂದಲು, ಬಾಯಲ್ಲಿ ಚುಟ್ಟಾ. ಆ ಪಾತ್ರದ ಕಲ್ಲಚ್ಚಿನ (ಕಲ್ಲಿನ ಮೇಲೆ ಬಳಪದಿಂದ ಬರೆದು ಅಚ್ಚು ಹಾಕಿದ) ಚಿತ್ರಗಳು ಅಂಗಡಿ ಅಂಗಡಿಯಲ್ಲಿ ಮಾರಾಟವಾದವು. ಆ ಉಡುಪಿಗೆ ನಿಜವಾದ ಬುಡವಿದೆ, ಮಾಂಸದಂಗಡಿಯ ಹುಡುಗರು, ಸ್ವಯಂಸೇವಕ ಅಗ್ನಿಶಾಮಕ ದಳದವರು ಹಾಗೆ ಓಡಾಡುತ್ತಿದ್ದರು. ಆದರೆ 1857ರ ಹೊತ್ತಿಗೆ ಚಿತ್ರಕಾರನಿಗೆ ‘ಬೌರಿ ಹುಡುಗ’ ಎಂದರೆ ಹೇಗಿರಬೇಕೆಂಬ ಅಚ್ಚು ಸಿದ್ಧವಾಗಿತ್ತು. ಅದೇ ಸಂಚಿಕೆಯ ‘ಬೌರಿ ಹುಡುಗ’ನ ಒಂಟಿ ಚಿತ್ರವನ್ನು ಮೋಸ್ ಪೋಸ್ಟರ್ ಪಕ್ಕ ಇಟ್ಟರೆ ಅಣ್ಣತಮ್ಮಂದಿರು.

ನನ್ನ ಸಲಹೆ: ಮೋಸ್ ಉಡುಪನ್ನು ಮೂರೋ ನಾಲ್ಕೋ ಜನಕ್ಕೆ ಹಾಕಿ, ಉಳಿದವರಿಗೆ ಅಂಗಿ, ವೇಸ್ಟ್‌ಕೋಟು, ಮಾಸಿದ ಟೊಪ್ಪಿ ಸಾಕು. ಜುಲೈ ಸೆಖೆ ಬೇರೆ. ಮತ್ತೆ, ಐರಿಷರನ್ನು ಕೋತಿಮುಖದವರಂತೆ ಬರೆಯುವ ಚಾಳಿಗೆ ಬೀಳಬೇಡಿ. ಅದು ವ್ಯಂಗ್ಯಚಿತ್ರಕಾರ ಥಾಮಸ್ ನ್ಯಾಸ್ಟ್ 1867ರ ಸೇಂಟ್ ಪ್ಯಾಟ್ರಿಕ್ ದಿನದ ಚಿತ್ರದಲ್ಲಿ, ಮತ್ತೆ 1871ರಲ್ಲಿ ಮೆರೆಸಿದ ವ್ಯಂಗ್ಯ.

ಬಣ್ಣದಡಬ್ಬಿ:
ಕೋಲಿಗೆ ಸತ್ತ ಮೊಲ ಸಿಕ್ಕಿಸಿ ಬಾವುಟದಂತೆ ಹಿಡಿಯುತ್ತಿದ್ದರಲ್ಲ, ಅದನ್ನು ಹಾಕಲೇ?

ಮಸಿಕುಡಿಕೆ:
ಹಾಕಬೇಡಿ. ಅದು 1927ರ ಒಂದು ಜನಪ್ರಿಯ ಪುಸ್ತಕದಿಂದ ಹಬ್ಬಿದ ಕಥೆ. ‘ಡೆಡ್ ರ‍್ಯಾಬಿಟ್ಸ್’ ಎಂಬ ಹೆಸರಿನ ಗುಂಪೇ ಇರಲಿಲ್ಲ, ಅವರು ‘ರೋಚ್ ಗಾರ್ಡ್’ನವರು, ಪತ್ರಿಕೆಗಳು ಹೆಸರು ಹಿಗ್ಗಿಸಿದವು ಎಂಬ ವಾದ ಗಲಭೆಯ ದಿನಗಳಲ್ಲೇ ಎದ್ದಿತ್ತು. ಇತ್ತೀಚಿನ ಇತಿಹಾಸಕಾರರಲ್ಲೂ ಅದನ್ನು ಒಪ್ಪುವವರಿದ್ದಾರೆ. ಮೊಲಕ್ಕಿಂತ ಪೊಲೀಸರನ್ನು ಸರಿಯಾಗಿ ಬಿಡಿಸಿ. ಆ ವಾರವಷ್ಟೇ ನಗರದ ಮುನಿಸಿಪಲ್ ಪೊಲೀಸ್ ದಳ ರದ್ದಾಗಿ, ರಾಜ್ಯ ಸರಕಾರದ ಮೆಟ್ರೊಪಾಲಿಟನ್ ದಳ ಒಂದೇ ಉಳಿದಿತ್ತು. ಜನ ಅವರನ್ನು ಪರಕೀಯರಂತೆ ಕಂಡರು. ಗಲಭೆ ಅಷ್ಟು ಹಬ್ಬಲು ಅದೂ ಕಾರಣ, ಕೊನೆಗೆ ಮಿಲಿಶಿಯಾ (ನಾಗರಿಕರ ಸೇನೆ) ಕರೆಸಬೇಕಾಯಿತು.

‘1827’ರ ಚಿತ್ರ ದೊಡ್ಡ ಬಲೆ. ಎಲ್ಲೆಡೆ ಓಡಾಡುತ್ತಿರುವ ಪ್ರತಿ 1855ರ ‘ವ್ಯಾಲೆಂಟೈನ್ಸ್ ಮ್ಯಾನ್ಯುಯಲ್’ ಎಂಬ ನ್ಯೂಯಾರ್ಕ್ ನಗರದ ಕೈಪಿಡಿಗೆ ಮಾಡಿದ ಕಲ್ಲಚ್ಚು. ಅಂದರೆ ಮೂಲಕ್ಕೂ ಅಚ್ಚಿಗೂ ನಡುವೆ 28 ವರ್ಷ. (ನಮ್ಮ ‘ಮಂಗಳೂರ ಸಮಾಚಾರ’ 1843ರಲ್ಲಿ ಬಂದದ್ದೂ ಕಲ್ಲಚ್ಚಿನಲ್ಲೇ, ತಂತ್ರ ಒಂದೇ.) ಮಸೂರದಲ್ಲಿ ಮರದ ಕೆತ್ತನೆಯ ಚೂಪು ಗೆರೆ ಸಿಗದು, ಬಳಪದ ಹರಳು ಹರಳು ಗುರುತು ಸಿಗುತ್ತದೆ. ಜಗಳ, ಹಂದಿ, ಕುಡುಕರು ಎಲ್ಲ ಒಂದೇ ಚೌಕಟ್ಟಿನಲ್ಲಿ ತುರುಕಿರುವುದು ನೀತಿಪಾಠದ ಚಿತ್ರದ ಲಕ್ಷಣ. ಕಟ್ಟಡಗಳ ಎತ್ತರ, ಬೀದಿ ಕೂಡುವ ರೀತಿ ತೆಗೆದುಕೊಳ್ಳಿ, ಜನಸಂದಣಿ ಬಿಡಿ.

ರೀಸ್ ಫೋಟೊ 1888ರದು, ಮಲ್ಬೆರಿ ಸ್ಟ್ರೀಟ್ 59½ರ ಓಣಿ. ನಿಮ್ಮ ಕಥೆಗಿಂತ 31 ವರ್ಷ ಈಚಿನದು, ಅಲ್ಲಿರುವ ವಾಸಿಗಳೂ ಬೇರೆ ಪೀಳಿಗೆ, ಇಟಾಲಿಯನ್ನರ ಕಾಲ. ಅಲ್ಲಿ ಕಾಣುವ ಬೌಲರ್ ಟೊಪ್ಪಿಯನ್ನು (ದುಂಡನೆಯ ಗಟ್ಟಿ ಟೊಪ್ಪಿ) 1857ಕ್ಕೆ ಎಳೆದು ತರಬೇಡಿ. ಅಲ್ಲಿರುವವರು ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ. ರೀಸ್ ಅವರ ಇನ್ನೊಂದು ಫೋಟೊ ‘ಗ್ರೋಲರ್ ಗ್ಯಾಂಗ್’ ಅಂತೂ ಹುಡುಗರು ರೀಸ್‌ಗಾಗಿ ನಟಿಸಿ ತೋರಿಸಿದ್ದು. ಇನ್ನೊಂದು: ರೀಸ್ ಚಿತ್ರಗಳು 1889ರಲ್ಲಿ ‘ಸ್ಕ್ರಿಬ್ನರ್ಸ್’ ಪತ್ರಿಕೆಗೆ ಹೋದಾಗ ಫೋಟೊವಾಗಿ ಅಚ್ಚಾಗಲಿಲ್ಲ, ಕೆನ್ಯನ್ ಕಾಕ್ಸ್ ಮುಂತಾದವರು ನೋಡಿ ಬರೆದ ರೇಖಾಚಿತ್ರವಾದವು. ಚುಕ್ಕಿ ಚುಕ್ಕಿ ಕಂಡರೆ ಹಾಫ್‌ಟೋನ್ (ಫೋಟೊವನ್ನೇ ಚುಕ್ಕಿಗಳಾಗಿಸಿ ಅಚ್ಚು ಹಾಕುವ ಕ್ರಮ), ಗೆರೆ ಕಂಡರೆ ನಡುವೆ ಇನ್ನೊಬ್ಬನ ಕೈ ಇದೆ. ಈಗ ಕಾಣಸಿಗುವ ಕಪ್ಪುಬಿಳುಪು ಗಾಢವಾದ ಪ್ರತಿಗಳಲ್ಲಿ ಹಲವು 1940ರ ದಶಕದಲ್ಲಿ ಅಲೆಗ್ಸಾಂಡರ್ ಆಲಂಡ್ ಎಂಬ ಫೋಟೊಗ್ರಾಫರ್ ಹಳೆಯ ನೆಗೆಟಿವ್‌ಗಳಿಂದ ಮಾಡಿದವು, ನೆರಳಿನ ಕಪ್ಪು ನೋಡಿ ಓಣಿಯೇ ಅಷ್ಟು ಕತ್ತಲು ಎಂದುಕೊಳ್ಳಬೇಡಿ.

ಅಚ್ಚುಮೊಳೆ:
ಬಣ್ಣದ ಹಾಳೆಯ ಮಾತು ಉಳಿಯಿತು. ಲೆಸ್ಲಿ ಪತ್ರಿಕೆ ಆ ಚಿತ್ರಗಳನ್ನು ಕಪ್ಪು ಮಸಿಯಲ್ಲೇ ಅಚ್ಚು ಹಾಕಿದ್ದು. ಬಣ್ಣವಿದ್ದರೆ ಆಮೇಲೆ ಯಾರೋ ಬಳಿದದ್ದು, ಬಹುಪಾಲು ಮಾರುವುದಕ್ಕಾಗಿ. ಗೆರೆ ದಾಟಿ ಬಣ್ಣ ಹರಿದಿದೆಯೇ, ಹಿಂಬದಿಗೆ ಇಳಿದಿದೆಯೇ ನೋಡಿ. ಹಾಳೆಯ ಹಿಂದೆ ಅದೇ ಸಂಚಿಕೆಯ ಅಕ್ಷರಗಳಿರಬೇಕು, ಖಾಲಿಯಿದ್ದರೆ ಮರುಮುದ್ರಣ ಇರಬಹುದು, ಕೇಳಿ ತಿಳಿಯಿರಿ. 1857ರ ಕಾಗದ ಚಿಂದಿಬಟ್ಟೆಯ ತಿರುಳಿನದು, ಇಂದಿಗೂ ಮೆತ್ತಗೆ ಬಾಗುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದರೆ ಅದು ಮುಂದಿನ ದಶಕಗಳ ಮರದ ತಿರುಳಿನ ಕಾಗದ. ಚಿತ್ರಕಥೆಗೆ ಬೇಕಿರುವುದು ಗೆರೆ ತಾನೇ, ಗ್ರಂಥಾಲಯಗಳ 600 ಡಿಪಿಐ ಸ್ಕ್ಯಾನ್ ಸಾಕು. ಜೆಪೆಗ್ ಬೇಡ, ಟಿಫ್ ಇಳಿಸಿಕೊಳ್ಳಿ. ಜೆಪೆಗ್‌ನಲ್ಲಿ ಮೊದಲು ಅಳಿಸಿಹೋಗುವುದು ಆ ಬೆಸುಗೆಯ ಬಿಳಿಗೆರೆಯೇ.